ಮೊಲದ ಕಿವಿಯ ಬೇನೆ

ಕೊಟ್ಟಿಗೆಯ ಆಕಳಿಗೆ ನೋವಾದರೆ ಅಂಬಾ ಎನ್ನುತ್ತದೆ. ನಾಯಿ ಕುಂಯ್‌ಗುಟ್ಟುತ್ತದೆ, ಬೆಕ್ಕು ಕೂಗಿ ಮನೆಮಂದಿಯನ್ನು ಎಬ್ಬಿಸುತ್ತದೆ. ಮೊಲವಾದರೋ ಸದ್ದಿಲ್ಲದೆ ಮೂಲೆ ಸೇರುತ್ತದೆ. ಹದ್ದು, ನರಿ, ನಾಯಿಗಳಿಗೆ ಆಹಾರವಾಗುವ ಪ್ರಾಣಿಯಾದ್ದರಿಂದ ತನ್ನ ಅಶಕ್ತತೆಯನ್ನು ಮರೆಮಾಚುವುದು ಅದರ ಹುಟ್ಟುಗುಣ. ಆದಕಾರಣ ಮೊಲವನ್ನು ಸಾಕಿದವರು ಅದರ ಕೂಗಿಗಾಗಿ ಕಾಯುವಂತಿಲ್ಲ. ತಾವೇ ಕಣ್ಣಿಟ್ಟು ನೋಡಬೇಕು. ಅದರ ಬೇನೆಗಳಲ್ಲಿ ಬಹುವಾಗಿ ಕಾಣಿಸುವ, ಬಹುವಾಗಿ ಅಲಕ್ಷ್ಯಕ್ಕೆ ಗುರಿಯಾಗುವ ಕಿವಿಯ ಬೇನೆಯನ್ನು ಕುರಿತು ಈ ಸಲ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿಯಂತಹ ಬಡಾವಣೆಗಳಲ್ಲಿ ಇಂದು ಆಕಳು ಕಟ್ಟಲು ಹಿತ್ತಿಲು ಸಿಗುವುದು ದುರ್ಲಭ. ಮಕ್ಕಳ ಹಂಬಲಕ್ಕಾಗಿ ಮಾಳಿಗೆಯ ಮೇಲೋ ಮೆಟ್ಟಿಲ ಕೆಳಗೋ ಗೂಡನ್ನಿರಿಸಿ ಮೊಲ ಸಾಕುವ ಮನೆಗಳು ಅಲ್ಲಲ್ಲಿ ಉಂಟು. ಆಕಳ ಕಾಯಿಲೆಗೆ ನೆರೆಹೊರೆಯ ಹಿರಿಯರಲ್ಲಿ ಹತ್ತು ಉಪಾಯಗಳಿರುತ್ತವೆ. ಮೊಲದ ಕಾಯಿಲೆಯನ್ನು ಬಲ್ಲವರು ವಿರಳ. ಆಗ ನಾಯಿಯ ಔಷಧ, ಮಗುವಿನ ಔಷಧ, ಅಡುಗೆಮನೆಯ ಎಣ್ಣೆ ಎಲ್ಲವೂ ಆ ಬಡಪ್ರಾಣಿಯ ಮೇಲೆ ಪ್ರಯೋಗವಾಗುತ್ತವೆ. ಇಂತಹ ಪ್ರಯೋಗದಿಂದ ರೋಗಕ್ಕಿಂತ ಮೊದಲು ಮದ್ದೇ ಪ್ರಾಣ ತೆಗೆಯುವ ಸಂಭವವುಂಟು. ನಾವು ವೈದ್ಯರಲ್ಲ, ಬಲ್ಲವರಿಂದ ಕೇಳಿ, ಗ್ರಂಥಗಳಿಂದ ತಿಳಿದುದನ್ನು ಗೃಹಸ್ಥರ ಉಪಯೋಗಕ್ಕೆಂದು ಇಲ್ಲಿ ನಿವೇದಿಸುತ್ತಿದ್ದೇವೆ.

ಗುರುತಿಸುವ ಬಗೆ

ಮೊಲದ ಕಿವಿ ಕೇಳುವುದಕ್ಕಷ್ಟೇ ಅಲ್ಲದೆ ಮೈಯ ಕಾವನ್ನು ಹೊರಗೆ ಬಿಡುವುದಕ್ಕೂ ಸಾಧನವಾಗಿದೆ. ಆರೋಗ್ಯವಂತ ಮೊಲದ ಕಿವಿಯ ಒಳಮೈ ತೆಳುಗುಲಾಬಿ ಬಣ್ಣದ್ದಾಗಿ, ಶುಭ್ರವಾಗಿ, ದುರ್ವಾಸನೆಯಿಲ್ಲದೆ ಇರುತ್ತದೆ. ಕೊಂಚ ಹಳದಿ ಮೇಣವಿದ್ದರೆ ಗಾಬರಿಪಡಬೇಕಾಗಿಲ್ಲ. ಜೋಲುಕಿವಿಯ ತಳಿಗಳಲ್ಲಿ ಕಿವಿಯ ನಾಳ ಮಡಿಚಿಕೊಂಡು ಇಕ್ಕಟ್ಟಾಗಿರುವುದರಿಂದ ಮೇಣವೂ ಕೀವೂ ಒಳಗೇ ನಿಲ್ಲುತ್ತವೆ. ಅಂತಹವುಗಳ ಮೇಲೆ ಹೆಚ್ಚಿನ ನಿಗಾ ಅವಶ್ಯ.

ಬೇನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ನುಸಿಯಿಂದ ಬರುವುದು. 1990ರ ದಶಕದ ಕೊನೆಯಲ್ಲಿ ನಮ್ಮ ತೆಂಗಿನ ತೋಟಗಳನ್ನು ಕಾಡತೊಡಗಿದ ನುಸಿಯನ್ನು ರೈತಬಂಧುಗಳು ಮರೆತಿರಲಾರರು. ಮೊಲದ ಕಿವಿಯ ನುಸಿ ಅದೇ ದೊಡ್ಡ ಬಳಗದ ಬೇರೊಂದು ಜಾತಿ. ಸೊರೋಪ್ಟಿಸ್ ಎಂದು ಅದರ ಹೆಸರು. ಮೊಲ ಪದೇ ಪದೇ ತಲೆ ಕೊಡವುತ್ತದೆ, ಹಿಂಗಾಲಿನಿಂದ ಕಿವಿಯನ್ನು ಕೆರೆಯುತ್ತದೆ, ನೆಟ್ಟಗಿದ್ದ ಕಿವಿ ಜೋತುಬೀಳುತ್ತದೆ. ಒಳಗೆ ನೋಡಿದರೆ ಕಂದುಬಣ್ಣದ ಹಕ್ಕಳೆ ಪದರಪದರವಾಗಿ, ಒಣಗಿದ ಅವಲಕ್ಕಿಯನ್ನು ಒತ್ತಿಟ್ಟಂತೆ ಕಾಣುತ್ತದೆ. ಒಂದು ಮೊಲದಿಂದ ಇನ್ನೊಂದಕ್ಕೆ ಇದು ಬೇಗ ಹರಡುತ್ತದೆ.

ಎರಡನೆಯದು ಪಾಶ್ಚುರೆಲ್ಲಾ, ಸ್ಟೆಫಿಲೊಕಾಕಸ್ ಮೊದಲಾದ ಬ್ಯಾಕ್ಟೀರಿಯಾಗಳಿಂದ ಬರುವ ಸೋಂಕು. ಮೊಲದ ಕೀವು ನಮ್ಮ ಕೀವಿನಂತೆ ತಾನಾಗಿ ಹರಿಯುವುದಿಲ್ಲ. ಗಿಣ್ಣಿನಂತೆ ಗಟ್ಟಿಯಾಗಿ ಕಿವಿಯ ಆಳದಲ್ಲಿ ಕೂರುತ್ತದೆ. ಆದ್ದರಿಂದ ಹೊರಗಿವಿ ಚೊಕ್ಕಟವಾಗಿ ಕಂಡರೂ ಒಳಗಿವಿ ಕೆಟ್ಟಿರಬಹುದು. ಕಿವಿಯ ಬುಡ ಮುಟ್ಟಿದರೆ ಕೊಸರಿಕೊಳ್ಳುವುದು, ದುರ್ವಾಸನೆ, ಮುಖದ ಒಂದು ಪಾರ್ಶ್ವ ಜೋಲುವುದು, ಕತ್ತು ಒಂದು ಕಡೆಗೆ ವಾಲುವುದು, ಕಣ್ಣುಗುಡ್ಡೆ ಅತ್ತಿತ್ತ ಅದುರುವುದು, ನಡೆಯುವಾಗ ಉರುಳುವುದು ಇವು ಅದರ ಚಿಹ್ನೆಗಳು. ಎನ್ಸೆಫಲಿಟೊಜೂನ್ ಎಂಬ ಸೂಕ್ಷ್ಮಜೀವಿ ಮಿದುಳಿಗೆ ತಗುಲಿದಾಗಲೂ ಕತ್ತು ಹೀಗೆಯೇ ವಾಲುತ್ತದೆ. ಎರಡಕ್ಕೂ ಔಷಧ ಬೇರೆ. ಯಾವುದೆಂದು ನಿರ್ಣಯಿಸುವುದು ವೈದ್ಯರ ಕೆಲಸ. ಇಂತಹ ಸಂದರ್ಭದಲ್ಲಿ ನಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿದು ಕೂತರೆ ಆ ಹಟದ ಬೆಲೆಯನ್ನು ಮೊಲವೇ ತೆರಬೇಕಾದೀತು.

ಚಿಕಿತ್ಸೆಯ ಕ್ರಮ

ನುಸಿಯ ಬೇನೆಗೆ ಐವರ್ಮೆಕ್ಟಿನ್ ಒಳ್ಳೆಯ ಔಷಧ. ಜಪಾನಿನ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರಿಂದ ಬಂದ ವಸ್ತುವಿನ ಮೂಲಕ ಇದು ಸಿದ್ಧವಾಯಿತು. ಇದಕ್ಕೆ ಕಾರಣರಾದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪುರಸ್ಕಾರ ಸಂದಿತು. ವೈದ್ಯರು ಮೊಲವನ್ನು ತೂಗಿ, ತೂಕಕ್ಕೆ ತಕ್ಕಷ್ಟನ್ನು ಚರ್ಮದಡಿ ಚುಚ್ಚುತ್ತಾರೆ. ಔಷಧವು ಜೀವಂತ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಆದ್ದರಿಂದ 10ರಿಂದ 14 ದಿನಗಳ ಅಂತರದಲ್ಲಿ ಮತ್ತೆ ಕೊಡಿಸಲೇಬೇಕು. ಮೊದಲ ಸಲಕ್ಕೇ ಗುಣವಾಯಿತೆಂದು ನಿಲ್ಲಿಸುವುದೇ ಬೇನೆ ಮರುಕಳಿಸಲು ದೊಡ್ಡ ಕಾರಣ. ಮನೆಯಲ್ಲಿರುವ ಎಲ್ಲ ಮೊಲಗಳಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ನುಸಿ ಮೊಲದ ಮೈಬಿಟ್ಟೂ ವಾರಗಳವರೆಗೆ ಬದುಕಬಲ್ಲುದಾದ್ದರಿಂದ ಗೂಡಿನ ಹುಲ್ಲು, ಬಟ್ಟೆಗಳನ್ನು ತೆಗೆದುಹಾಕಿ, ಗೂಡನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಬೇಕು.

ಹಕ್ಕಳೆಯನ್ನು ಕೀಳಲು ಯಾರೂ ಹೋಗಬಾರದು. ಅದರಡಿಯಲ್ಲಿ ಹಸಿಗಾಯವಿರುತ್ತದೆ, ಕಿತ್ತರೆ ರಕ್ತ ಬಂದು ಪ್ರಾಣಸಂಕಟವಾಗುತ್ತದೆ. ನುಸಿ ಸತ್ತ ಮೇಲೆ ಅದು ತಾನಾಗಿ ಉದುರುತ್ತದೆ.

ಒಳಗಿವಿಯ ಸೋಂಕಿಗೆ ತಾಳ್ಮೆ ಬೇಕು. ಔಷಧ ವಾರಗಟ್ಟಲೆ ನಡೆಯುತ್ತದೆ. ಎಕ್ಸ್‌ರೇ ಬೇಕಾಗಬಹುದು, ಕೆಲವೊಮ್ಮೆ ಶಸ್ತ್ರಕ್ರಿಯೆಯೂ ಬೇಕಾಗಬಹುದು. ಕತ್ತು ವಾಲಿದ ಮೊಲ ಇನ್ನು ಬದುಕದೆಂದು ಕೈಬಿಡುವವರು ಉಂಟು. ಹಾಗೆ ಮಾಡಬೇಡಿರಿ. ಸುತ್ತಲೂ ಸುರುಳಿ ಸುತ್ತಿದ ಬಟ್ಟೆಗಳನ್ನಿಟ್ಟು ಉರುಳದಂತೆ ಕಾಪಾಡಿ, ಹುಲ್ಲು ನೀರುಗಳನ್ನು ಬಾಯಿಯ ಬಳಿಗೇ ಒದಗಿಸಿದರೆ ಎಷ್ಟೋ ಮೊಲಗಳು ಚೇತರಿಸಿಕೊಳ್ಳುತ್ತವೆ. ಕತ್ತು ಕೊಂಚ ಸೊಟ್ಟಗೇ ಉಳಿದರೂ ಅವು ತಿಂದುಂಡು ಸುಖವಾಗಿ ಬಾಳಬಲ್ಲವು.

ವರ್ಜಿಸಬೇಕಾದವು

ಮಕ್ಕಳಿಗೆಂದು ತಂದು ಉಳಿದ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮುಂತಾದ ಪೆನಿಸಿಲಿನ್ ವರ್ಗದ ಔಷಧಗಳನ್ನು ಮೊಲದ ಬಾಯಿಗೆ ಹಾಕಲೇಬಾರದು. ಮೊಲದ ಕರುಳಿನಲ್ಲಿ ಹುಲ್ಲನ್ನು ಅರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಈ ಔಷಧಗಳು ಅವನ್ನು ನಾಶಮಾಡಿ ವಿಷಕಾರಿಗಳಿಗೆ ಎಡೆಕೊಡುತ್ತವೆ. ಭೇದಿ ಹತ್ತಿ ಕೆಲವೇ ದಿನಗಳಲ್ಲಿ ಮೊಲ ಸಾಯಬಹುದು. ನಾಯಿಯ ಉಣ್ಣೆಗೆ ಸಿಂಪಡಿಸುವ ಫಿಪ್ರೊನಿಲ್ ಮೊಲಕ್ಕೆ ವಿಷ. ಕಿವಿಗೆ ಎಣ್ಣೆ, ಬೆಳ್ಳುಳ್ಳಿರಸ, ಅಂಗಡಿಯ ಕಿವಿಹನಿಗಳನ್ನು ವೈದ್ಯರ ಪರೀಕ್ಷೆಗೆ ಮುನ್ನ ಬಿಡಕೂಡದು; ತಮಟೆ ಹರಿದಿದ್ದರೆ ಅವು ಒಳಗಿವಿಗಿಳಿದು ಕೇಡನ್ನು ಹೆಚ್ಚಿಸುತ್ತವೆ. ಹತ್ತಿಯ ಕಡ್ಡಿಯೂ ಬೇಡ. ಅದು ಕೊಳೆಯನ್ನು ಇನ್ನಷ್ಟು ಒಳಕ್ಕೆ ನೂಕುತ್ತದೆ.

ಕಿವಿ ಹಿಡಿದು ಮೊಲವನ್ನು ಎತ್ತುವ ದುರಭ್ಯಾಸವನ್ನು ಮಕ್ಕಳಿಗೆ ತಿಳಿಹೇಳಿ ಬಿಡಿಸಬೇಕು. ಒಂದು ಕೈ ಎದೆಯ ಕೆಳಗೂ ಇನ್ನೊಂದು ಕೈ ಹಿಂಭಾಗದ ಕೆಳಗೂ ಇರಲಿ. ಹಿಂಭಾಗಕ್ಕೆ ಆಸರೆಯಿಲ್ಲದಾಗ ಅದು ಬಲವಾಗಿ ಒದ್ದು ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳಬಹುದು.

ವೈದ್ಯರಲ್ಲಿಗೆ ಹೋಗುವಾಗ

ಅರ್ಧದಿನ ಮೊಲ ಏನನ್ನೂ ತಿನ್ನದಿದ್ದರೆ, ಹಿಕ್ಕೆ ನಿಂತರೆ, ಕತ್ತು ವಾಲಿದರೆ ಮಾರನೆಯ ದಿನಕ್ಕೆ ಮುಂದೂಡಬಾರದು. ನೋವಿನಿಂದ ಮೇವು ಬಿಟ್ಟ ಮೊಲದ ಕರುಳಿನ ಚಲನೆ ನಿಲ್ಲುತ್ತದೆ. ಅದೇ ಪ್ರಾಣಕ್ಕೆ ಮುಳುವಾಗುತ್ತದೆ. ಸಮೀಪದ ಪಶುವೈದ್ಯರಿಗೆ ಮೊಲದ ಚಿಕಿತ್ಸೆಯ ರೂಢಿಯಿದೆಯೇ ಎಂದು ಮೊದಲೇ ವಿಚಾರಿಸಿಡುವುದು ಉತ್ತಮ. ನಾಯಂಡಹಳ್ಳಿಯಿಂದ ಹೊರವರ್ತುಲ ರಸ್ತೆಯನ್ನೇ ಹಿಡಿದು ಉತ್ತರಕ್ಕೆ ಸಾಗಿದರೆ ಹೆಬ್ಬಾಳ ಸಿಗುತ್ತದೆ. 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಅಲ್ಲಿದೆ. ಬಿಸಿಲೇರುವ ಮುನ್ನ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಒಂದಿಷ್ಟು ಹುಲ್ಲನ್ನಿಟ್ಟು ಕೊಂಡೊಯ್ಯಬೇಕು. ಎಂದಿನಿಂದ ಕೆರೆತ, ಏನು ಮೇವು, ಯಾವ ಔಷಧ ಹಾಕಿದ್ದೀರಿ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಿರಿ.

ಇಷ್ಟೆಲ್ಲ ತೊಂದರೆಯನ್ನು ತಪ್ಪಿಸಲು ವಾರಕ್ಕೊಮ್ಮೆಯ ಐದು ನಿಮಿಷ ಸಾಕು. ಒಂದು ದಿನವನ್ನು ಗೊತ್ತುಮಾಡಿಕೊಂಡು ಬೆಳಕಿನಲ್ಲಿ ಎರಡೂ ಕಿವಿಗಳನ್ನು ನೋಡಿ, ಮೂಸಿ, ಬುಡವನ್ನು ಮೆಲ್ಲನೆ ಮುಟ್ಟಿರಿ. ಗೂಡನ್ನು ಒಣದಾಗಿಡಿರಿ, ಹೊಸದಾಗಿ ತಂದ ಮೊಲವನ್ನು ಕೆಲವು ವಾರ ಬೇರೆ ಇರಿಸಿರಿ. ಈ ಕೆಲಸವನ್ನು ಮಕ್ಕಳ ಕೈಯಲ್ಲೇ, ಹಿರಿಯರ ಕಣ್ಣೆದುರಿನಲ್ಲಿ ಮಾಡಿಸಿದರೆ ಇನ್ನೂ ಮೇಲು. ಮಾತಿಲ್ಲದ ಜೀವದ ನೋವನ್ನು ಅದು ಹೇಳುವ ಮೊದಲೇ ಅರಿಯಲು ಕಲಿತ ಮಗು ಮುಂದೆ ಮನೆಯ ವೃದ್ಧರ ನೋವನ್ನೂ ಅರಿಯಬಲ್ಲುದು.