ಪಿಯು ಕಲನಶಾಸ್ತ್ರ: ಸೂತ್ರ ಉಳಿಯಿತು, ಕಾರಣ ಜಾರಿತು

ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿಯ ಚೀಲದಲ್ಲಿ ಗಣಿತದ ಪಠ್ಯಪುಸ್ತಕ ಇಲ್ಲದ ದಿನವಿರಬಹುದು. ಸೂತ್ರಗಳ ಕಿರುಹೊತ್ತಗೆ ಇಲ್ಲದ ದಿನ ಅಪರೂಪ. ಅಂಗಡಿಯಲ್ಲಿ ಕೊಂಡದ್ದೋ, ಕೋಚಿಂಗ್ ಕೇಂದ್ರ ಕೊಟ್ಟದ್ದೋ, ಅಕ್ಕನ ಹಳೆಯ ನೋಟ್‌ಬುಕ್ಕಿನಿಂದ ಜೆರಾಕ್ಸ್ ಮಾಡಿಸಿದ್ದೋ, ಅದರ ಒಂದು ಪುಟದಲ್ಲಿ ಅವಕಲನದ ನಿಯಮಗಳು, ಎದುರು ಪುಟದಲ್ಲಿ ಅನುಕಲನದ ನಿಯಮಗಳು. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಅವು ನಾಲಿಗೆಯ ತುದಿಯಲ್ಲಿರುತ್ತವೆ. ಸಿಇಟಿ ಮುಗಿಯುವವರೆಗೂ ಹೇಗೋ ಉಳಿಯುತ್ತವೆ. ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರ್‌ನಲ್ಲಿ ಅಧ್ಯಾಪಕರು ಕೇಳುವ ವೇಳೆಗೆ ಹುಡುಗರು ಪರಸ್ಪರ ಮುಖ ನೋಡುತ್ತಾರೆ ಎಂಬುದು ಆ ತರಗತಿಗಳಿಂದ ಕೇಳಿಬರುವ ಹಳೆಯ ದೂರು.

ಈ ದೂರಿಗೆ ಸಿದ್ಧ ಉತ್ತರವೊಂದಿದೆ: ಈಗಿನ ಮಕ್ಕಳಿಗೆ ಶ್ರದ್ಧೆಯಿಲ್ಲ, ಕೈಯಲ್ಲಿ ಮೊಬೈಲ್ ಇದೆ. ಉತ್ತರ ಸುಲಭವಾದದ್ದು, ಆದರೆ ಪೂರ್ತಿ ನಿಜವಲ್ಲ. ಏಕೆಂದರೆ ವಿದ್ಯಾರ್ಥಿ ಮರೆಯುವುದಕ್ಕೆ ಮುಂಚೆಯೇ ಪಠ್ಯಕ್ರಮವೂ ಪರೀಕ್ಷಾ ಪದ್ಧತಿಯೂ ಸೇರಿ ನೆನಪಿನ ಆಧಾರವನ್ನು ಕಿತ್ತುಹಾಕಿವೆ. ನಿಯಮವನ್ನು ಉಳಿಸಿಕೊಂಡು ಅದರ ಕಾರಣವನ್ನು ಕೈಬಿಟ್ಟಿವೆ.

ಕರ್ನಾಟಕದ ಪದವಿಪೂರ್ವ ವಿಜ್ಞಾನ ತರಗತಿಗಳು ಎನ್‌ಸಿಇಆರ್‌ಟಿ ಪಠ್ಯಕ್ಕೆ ಹೊರಳಿದ್ದು 2012-13ರಲ್ಲಿ. ದ್ವಿತೀಯ ವರ್ಷಕ್ಕೆ ಅದು ಬಂದದ್ದು 2013-14ರಲ್ಲಿ. ಹನ್ನೆರಡನೇ ತರಗತಿಯ ಗಣಿತದ 13 ಅಧ್ಯಾಯಗಳಲ್ಲಿ ಐದನೆಯದರಿಂದ ಒಂಬತ್ತನೆಯದರವರೆಗೆ, ಅಂದರೆ ಐದು ಅಧ್ಯಾಯಗಳು ಸಂಪೂರ್ಣವಾಗಿ ಕಲನಶಾಸ್ತ್ರಕ್ಕೆ ಮೀಸಲು. ಕೇಂದ್ರೀಯ ಮಂಡಳಿಯ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ 35 ಅಂಕ ಈ ಭಾಗದ್ದೇ. ಪಿಯು ಗಣಿತದಲ್ಲಿ ಕೈಹಿಡಿಯುವುದೂ ಇದೇ, ಕೈಕೊಡುವುದೂ ಇದೇ.

ಕೋವಿಡ್ ಬಳಿಕ ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯವನ್ನು ಮೊಟಕುಗೊಳಿಸಿತು. ಹನ್ನೆರಡನೇ ತರಗತಿಯ ಕಲನಶಾಸ್ತ್ರದಿಂದ ಹೊರಬಿದ್ದ ಭಾಗಗಳನ್ನು ಗಮನಿಸಬೇಕು. ರೋಲ್ ಪ್ರಮೇಯ ಹಾಗೂ ಮಧ್ಯಮ ಮೌಲ್ಯ ಪ್ರಮೇಯ, ವಕ್ರರೇಖೆಯ ಸ್ಪರ್ಶಕ ಮತ್ತು ಅಭಿಲಂಬ, ಅವಕಲನದ ಮೂಲಕ ಅಂದಾಜು ಕಟ್ಟುವ ಕ್ರಮ, ಅನುಕಲನವನ್ನು ಮೊತ್ತದ ಮಿತಿಯಾಗಿ ಕಾಣುವ ವಿವರಣೆ. ಇವು ಕಠಿಣವಾದವು ಎಂಬ ಮಾತಿದೆ. ಆದರೆ ನಿಷ್ಪನ್ನವೆಂದರೆ ಏನು, ಅನುಕಲನವೆಂದರೆ ಏನು ಎಂದು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದ ಭಾಗಗಳೂ ಇವೇ. ಸ್ಪರ್ಶಕ ಹೋದರೆ ನಿಷ್ಪನ್ನ ಬರೀ ಚಿಹ್ನೆ. ಮೊತ್ತದ ಮಿತಿ ಹೋದರೆ ಅನುಕಲನದ ಉದ್ದನೆಯ ಎಸ್ ಅಕ್ಷರ ಯಾವುದರ ಸಂಕೇತ ಎಂಬುದೇ ತಿಳಿಯದು. ಮೊತ್ತ ಎಂಬುದರ ಲ್ಯಾಟಿನ್ ಪದದ ಮೊದಲ ಅಕ್ಷರವದು. ಪ್ರಥಮ ಪಿಯುಸಿಯಲ್ಲಿ ಮೂಲತತ್ವದಿಂದ ನಿಷ್ಪನ್ನ ಕಂಡುಹಿಡಿಯುವ ಪಾಠ ಉಳಿದಿದೆ ನಿಜ. ಆ ವರ್ಷದ ಅಂಕಗಳಿಗೆ ಸಿಇಟಿ ರ‍್ಯಾಂಕಿನಲ್ಲಿ ಬೆಲೆಯಿಲ್ಲ, ಆದ್ದರಿಂದ ಆ ಪಾಠಕ್ಕೂ ಗಮನ ಕಡಿಮೆ.

ಈ ಮೊಟಕಿನ ಪರಿಣಾಮ ಬೀದಿಗೆ ಬಂದದ್ದು 2024ರಲ್ಲಿ. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ನಡೆದ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದಿವೆಯೆಂದು ವಿದ್ಯಾರ್ಥಿಗಳು, ಪೋಷಕರು ಪ್ರತಿಭಟಿಸಿದರು. ಮೂರು ಲಕ್ಷಕ್ಕೂ ಹೆಚ್ಚು ಮಂದಿ ಬರೆದ ಪರೀಕ್ಷೆಯದು. ಕೊನೆಗೆ ನಾಲ್ಕೂ ವಿಷಯಗಳಿಂದ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಪ್ರಶ್ನೆ ತೆಗೆಯುವವರಿಗೂ ಪಾಠ ಹೇಳುವವರಿಗೂ ಒಂದೇ ಪಟ್ಟಿ ತಲುಪಿರಲಿಲ್ಲವೆಂಬ ಆಡಳಿತದ ಲೋಪ ಅಲ್ಲಿ ಸ್ಪಷ್ಟವಾಗಿತ್ತು. ವಿದ್ಯಾರ್ಥಿಗಳ ಸಿಟ್ಟು ನ್ಯಾಯವಾಗಿಯೇ ಇತ್ತು. ಆದರೆ ಆ ಗದ್ದಲದಲ್ಲಿ ಕೇಳದೆ ಉಳಿದ ಪ್ರಶ್ನೆಯೊಂದಿದೆ. ಕೈಬಿಟ್ಟ ಭಾಗಗಳಿಲ್ಲದೆ, ಉಳಿದ ಭಾಗಗಳನ್ನು ವಿದ್ಯಾರ್ಥಿ ಯಾವ ಆಧಾರದ ಮೇಲೆ ನೆನಪಿಟ್ಟುಕೊಳ್ಳಬೇಕು?

ಇದು ಕೇವಲ ತಾತ್ವಿಕ ತಕರಾರಲ್ಲ. ಉತ್ತರಪತ್ರಿಕೆಗಳಲ್ಲಿ ಪದೇಪದೇ ಕಾಣುವ ತಪ್ಪನ್ನೇ ತೆಗೆದುಕೊಳ್ಳೋಣ. ಎರಡು ಫಲನಗಳ ಗುಣಲಬ್ಧವನ್ನು ಅವಕಲಿಸಬೇಕಾದಾಗ ವಿದ್ಯಾರ್ಥಿ ಎರಡರ ನಿಷ್ಪನ್ನಗಳನ್ನು ಬೇರೆಬೇರೆಯಾಗಿ ಕಂಡುಹಿಡಿದು ಗುಣಿಸಿಬಿಡುತ್ತಾನೆ. ಮೊತ್ತಕ್ಕೆ ಹಾಗೆ ಬಿಡಿಬಿಡಿಯಾಗಿ ಮಾಡಬಹುದಾದರೆ ಗುಣಾಕಾರಕ್ಕೆ ಏಕಾಗದು ಎಂಬ ಅವನ ತರ್ಕ ಮೂರ್ಖತನದ್ದಲ್ಲ. ಕಲನಶಾಸ್ತ್ರದ ಇಬ್ಬರು ನಿರ್ಮಾತೃಗಳಲ್ಲಿ ಒಬ್ಬನಾದ ಲೈಬ್‌ನಿಟ್ಸ್ 1675ರ ನವೆಂಬರ್ ತಿಂಗಳ ತನ್ನ ಟಿಪ್ಪಣಿಯಲ್ಲಿ ಇದೇ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಂಡು, ಉದಾಹರಣೆಯೊಂದನ್ನು ಪರೀಕ್ಷಿಸಿ, ಹಾಗಲ್ಲವೆಂದು ಕಂಡುಕೊಂಡ. ನಮ್ಮ ವಿದ್ಯಾರ್ಥಿಗೆ ಆ ಪರೀಕ್ಷೆ ಮಾಡಿಕೊಳ್ಳುವ ಅವಕಾಶವೇ ಇಲ್ಲ. ತಪ್ಪಾಯಿತು, ಸೂತ್ರ ನೋಡು ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಕಾರಣವೋ, ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಸಿಗುತ್ತದೆ. 30-40ರ ನಿವೇಶನವೊಂದರ ಉದ್ದ, ಅಗಲ ಎರಡೂ ಒಂದೊಂದು ಅಡಿ ಹೆಚ್ಚಿದವು ಎನ್ನೋಣ. 1,200 ಚದರ ಅಡಿ ಇದ್ದದ್ದು 1,271 ಆಗುತ್ತದೆ. ಹೆಚ್ಚಿದ್ದು 71. ಇದರಲ್ಲಿ 40 ಒಂದು ಬದಿಯ ಪಟ್ಟಿ, 30 ಇನ್ನೊಂದು ಬದಿಯ ಪಟ್ಟಿ, ಉಳಿದ 1 ಮೂಲೆಯ ಚೂರು. ಹೆಚ್ಚಳಗಳನ್ನಷ್ಟೇ ಗುಣಿಸಿದವನಿಗೆ ಸಿಗುವುದು ಆ ಮೂಲೆಯ ಚೂರು ಮಾತ್ರ. ಎರಡು ಪಟ್ಟಿಗಳನ್ನೂ ಅವನು ಕಳೆದುಕೊಂಡಿರುತ್ತಾನೆ. ಹೆಚ್ಚಳ ಒಂದು ಅಡಿಯ ಬದಲು ಒಂದು ಅಂಗುಲ, ಅದರ ಹತ್ತನೆಯ ಒಂದು ಭಾಗ ಎಂದು ಕಿರಿದಾಗುತ್ತ ಹೋದಂತೆ ಮೂಲೆಯ ಚೂರು ಪಟ್ಟಿಗಳೆದುರು ಲೆಕ್ಕಕ್ಕಿಲ್ಲದಂತಾಗುತ್ತದೆ, ಪಟ್ಟಿಗಳೆರಡೂ ಉಳಿಯುತ್ತವೆ. ಮೊದಲನೆಯದನ್ನು ಹಾಗೆಯೇ ಇಟ್ಟು ಎರಡನೆಯದರ ನಿಷ್ಪನ್ನದಿಂದ ಗುಣಿಸು, ಎರಡನೆಯದನ್ನು ಇಟ್ಟು ಮೊದಲನೆಯದರದ್ದರಿಂದ ಗುಣಿಸು, ಎರಡನ್ನೂ ಕೂಡಿಸು ಎಂಬ ಗುಣಲಬ್ಧ ನಿಯಮ ಹೇಳುವುದು ಇಷ್ಟನ್ನೇ. ಈ ನಿವೇಶನದ ಚಿತ್ರವನ್ನು ಒಮ್ಮೆ ಬಿಡಿಸಿದವನು ಸೂತ್ರವನ್ನು ಮರೆತರೂ ಅರ್ಧ ನಿಮಿಷದಲ್ಲಿ ಮತ್ತೆ ಕಟ್ಟಿಕೊಳ್ಳಬಲ್ಲ.

ಸರಪಳಿ ನಿಯಮವೂ ಅಷ್ಟೆ. ಗಂಟೆಗೆ 40 ಕಿ.ಮೀ. ಓಡುವ ಸ್ಕೂಟರ್ ಲೀಟರಿಗೆ 50 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ, ಗಂಟೆಗೆ ಖರ್ಚು 80 ರೂಪಾಯಿ ಎಂದು ಹೇಳಲು ಯಾರಿಗೂ ಸೂತ್ರ ಬೇಕಿಲ್ಲ. ಒಂದರ ದರ ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡಾಗ ದರಗಳನ್ನು ಗುಣಿಸುತ್ತೇವೆ. ಇದೇ ಹುಡುಗ ತರಗತಿಯಲ್ಲಿ ಎಕ್ಸ್ ವರ್ಗದ ಸೈನ್ ಬಂದೊಡನೆ ಒಳಗಿನ ಎರಡು ಎಕ್ಸ್ ಅನ್ನು ಗುಣಿಸಲು ಮರೆಯುತ್ತಾನೆ.

ಇನ್ನೊಂದು ಬಗೆಯ ತಪ್ಪು ಮೇಲಿನ ಮೊಟಕಿಗೆ ನೇರವಾಗಿ ತಾಗುತ್ತದೆ. ಎರಡರ ಘಾತ ಎಕ್ಸ್ ಎಂಬುದನ್ನು ಅವಕಲಿಸಲು ಹೇಳಿದರೆ, ಎಕ್ಸ್ ವರ್ಗಕ್ಕೆ ಬಳಸುವ ನಿಯಮವನ್ನೇ ಬಳಸಿ ಘಾತವನ್ನು ಕೆಳಗಿಳಿಸಿ ಒಂದು ಕಳೆಯುವವರು ಅನೇಕರು. ಎಕ್ಸ್ ಬೆಲೆ 3 ಇರುವಲ್ಲಿ ಅವರ ಲೆಕ್ಕಕ್ಕೆ ಸಿಗುವ ದರ 12. ಈ ಉತ್ತರ ಸಾಧ್ಯವೇ ಇಲ್ಲವೆನ್ನಲು ಲಾಗರಿದಮ್ಮೂ ಬೇಡ. ಎಕ್ಸ್ 3ರಿಂದ 4ಕ್ಕೆ ಹೋಗುವಾಗ ಫಲನ 8ರಿಂದ 16ಕ್ಕೆ ಏರುತ್ತದೆ; ಸರಾಸರಿ ದರ 8. ಏರಿಕೆ ಕ್ಷಣಕ್ಷಣಕ್ಕೂ ತೀವ್ರಗೊಳ್ಳುತ್ತಿರುವುದರಿಂದ ಆರಂಭದಲ್ಲಿ ದರ 8ಕ್ಕಿಂತ ಕಡಿಮೆಯೇ ಇರಬೇಕು. ನಿಜವಾದ ಬೆಲೆ ಸುಮಾರು 5.55. ಒಂದು ಅಂತರದ ಸರಾಸರಿ ದರಕ್ಕೂ ಅದರೊಳಗಿನ ಕ್ಷಣದ ದರಕ್ಕೂ ಇರುವ ಈ ನಂಟೇ ಮಧ್ಯಮ ಮೌಲ್ಯ ಪ್ರಮೇಯದ ತಿರುಳು. 30 ಕಿ.ಮೀ. ಅಂತರದ ಎರಡು ಟೋಲ್‌ಗಳ ನಡುವಿನ ದಾರಿಯನ್ನು 15 ನಿಮಿಷದಲ್ಲಿ ಕ್ರಮಿಸಿದ ಕಾರು ನಡುವೆ ಎಲ್ಲೋ ಒಂದೆಡೆ ಗಂಟೆಗೆ 120 ಕಿ.ಮೀ. ವೇಗದಲ್ಲಿ ಇದ್ದೇ ಇತ್ತು, ಕ್ಯಾಮೆರಾ ನೋಡಿರಲಿ ಬಿಡಲಿ. ಹೆದ್ದಾರಿ ಪೊಲೀಸರಿಗೆ ಉಪಯೋಗಕ್ಕೆ ಬರುವ ಪ್ರಮೇಯ ಹನ್ನೆರಡನೇ ತರಗತಿಗೆ ಹೊರೆಯಾಗಿ ಕಂಡದ್ದು ವಿಚಿತ್ರ.

ಹಾಗೆಂದು ಬಾಯಿಪಾಠವನ್ನೇ ಹೀಗಳೆಯುವ ಈಚಿನ ಚಾಳಿಯೂ ಸರಿಯಲ್ಲ. ಸಿಇಟಿಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಯೊಂದಕ್ಕೆ 80 ಸೆಕೆಂಡು ಸಿಗುವಲ್ಲಿ ನಿವೇಶನದ ಚಿತ್ರ ಬಿಡಿಸುತ್ತ ಕೂರಲಾಗದು. ನಿಯಮ ನಾಲಿಗೆಯ ಮೇಲೆಯೇ ಇರಬೇಕು. ಮಗ್ಗಿ ಕಲಿತ ನಾಡಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ ಭಾಸ್ಕರಾಚಾರ್ಯ ಗ್ರಹಗಳ ತಾತ್ಕಾಲಿಕ ಗತಿಯನ್ನು, ಅಂದರೆ ಆ ಕ್ಷಣದ ವೇಗವನ್ನು, ಲೆಕ್ಕಹಾಕುವ ಕ್ರಮವನ್ನು ಕಂಠಪಾಠಕ್ಕೆ ಒದಗುವ ಶ್ಲೋಕಗಳಲ್ಲೇ ಹೇಳಿದ. ಆದರೆ ಅದಕ್ಕೆ ‘ವಾಸನಾಭಾಷ್ಯ’ ಎಂಬ ವ್ಯಾಖ್ಯಾನವನ್ನೂ ತಾನೇ ಬರೆದು ಕಾರಣಗಳನ್ನು ವಿವರಿಸಿದ. (ಅವನ ಊರಾದ ವಿಜ್ಜಡವಿಡ ಇಂದಿನ ವಿಜಯಪುರವೋ ಮಹಾರಾಷ್ಟ್ರದ್ದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು.) ಸೈನ್, ಕೊಸೈನ್ ಶ್ರೇಣಿಗಳ ಉಪಪತ್ತಿಯನ್ನು ಜ್ಯೇಷ್ಠದೇವ ಸುಮಾರು 1530ರಲ್ಲಿ ‘ಯುಕ್ತಿಭಾಷಾ’ ಗ್ರಂಥದಲ್ಲಿ ಸಂಸ್ಕೃತದಲ್ಲಲ್ಲ, ಮಲಯಾಳದಲ್ಲಿ ವಿವರಿಸಿದ.

ಭಾಷೆಯ ಮಾತು ಇಲ್ಲಿ ಅಪ್ರಸ್ತುತವಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಹಳ್ಳಿಯ ವಿದ್ಯಾರ್ಥಿನಿ ಪಿಯು ವಿಜ್ಞಾನಕ್ಕೆ ಬಂದಾಗ ಪಾಠ ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕಲನಶಾಸ್ತ್ರವಂತೂ ಆಕೆ ಕನ್ನಡದಲ್ಲಿ ಎಂದೂ ಕೇಳದ ಶಾಸ್ತ್ರ. ಹೀಗಾಗಿ ‘ಡೆರಿವೇಟಿವ್’ ಎಂಬುದು ಬದಲಾವಣೆಯ ದರ ಎಂಬ ಅರ್ಥವಾಗಿ ಅಲ್ಲ, ಒಂದು ಶಬ್ದವಾಗಿ ಮನಸ್ಸಿಗೆ ಇಳಿಯುತ್ತದೆ. ಭಾಗಶಃ ಅನುಕಲನಕ್ಕೆ ಬಳಸುವ ‘ಐಲೇಟ್’ ಎಂಬ ಸಂಕೇತಪದದ ಗತಿಯೂ ಇದೇ. ಇನ್‌ವರ್ಸ್, ಲಾಗರಿದಮಿಕ್ ಎಂದು ಐದು ಬಗೆಯ ಫಲನಗಳ ಆದ್ಯತಾಕ್ರಮವನ್ನು ಅದು ಹೇಳುತ್ತದೆ, ಬಹುಪಾಲು ಕೆಲಸವನ್ನೂ ಮಾಡಿಕೊಡುತ್ತದೆ. ಅವಕಲಿಸಿದರೆ ಸರಳವಾಗುವುದನ್ನು ಮೊದಲು ಆರಿಸಿಕೊಳ್ಳುವುದೇ ಅದರ ಹಿಂದಿನ ಉಪಾಯವೆಂದು ಒಂದು ವಾಕ್ಯದಲ್ಲಿ ಹೇಳಬಹುದಿತ್ತು.

ನೆನಪಿನ ಬಗ್ಗೆ ಈಚಿನ ಎರಡು ದಶಕಗಳ ಸಂಶೋಧನೆ ನಮ್ಮ ಅಭ್ಯಾಸಕ್ರಮಕ್ಕೆ ವಿರುದ್ಧವಾಗಿದೆ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ವಾರದ ಬಳಿಕ ಮುಂದಿದ್ದರು. ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗ ಗಣಿತಕ್ಕೇ ಸಂಬಂಧಿಸಿದ್ದು. ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿನ ಕಾಲೇಜು ವಿದ್ಯಾರ್ಥಿಗಳು ಬಗೆಬಗೆಯಾಗಿ ವಿಂಗಡಿಸಿ ಮಾಡಿದರು, ಇನ್ನೊಂದು ಗುಂಪು ಕಲಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪಿನದ್ದು ಶೇ 89 ಸರಿಯುತ್ತರ, ಎರಡನೆಯದರದ್ದು ಶೇ 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ 20ಕ್ಕೆ ಕುಸಿದರೆ ಕಲಸಿ ಮಾಡಿದವರು ಶೇ 63ರಲ್ಲಿದ್ದರು. ಪಠ್ಯಪುಸ್ತಕದ ಅಭ್ಯಾಸಗಳಾದರೋ ಬಹುಮಟ್ಟಿಗೆ ವಿಂಗಡಿಸಿದವೇ. ಸರಪಳಿ ನಿಯಮದ ಕೆಳಗೆ ಸರಪಳಿ ನಿಯಮದ ಲೆಕ್ಕಗಳು. ಯಾವ ನಿಯಮ ಬಳಸಬೇಕೆಂದು ಯೋಚಿಸುವ ಪ್ರಮೇಯವೇ ಅಲ್ಲಿ ಬರುವುದಿಲ್ಲ, ಸಿಇಟಿಯ 80 ಸೆಕೆಂಡುಗಳಲ್ಲಿ ಬೇಕಾಗುವುದೋ ಅದೇ.

ಮೊಟಕಾದ ಪಠ್ಯವನ್ನು ಮರಳಿ ತರುವುದು ರಾಜ್ಯದ ಕೈಯಲ್ಲಷ್ಟೇ ಇಲ್ಲ. ಆದರೆ 2023-24ರಿಂದ ಪಿಯು ಗಣಿತದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಎಂದಾಗಿದೆ. ಆ 20 ಅಂಕ ಕಾಲೇಜಿನ ಕೈಯಲ್ಲಿದೆ. ಗುಣಲಬ್ಧ ನಿಯಮ ಏಕೆ ಹಾಗಿದೆ ಎಂದು ಕಪ್ಪುಹಲಗೆಯ ಮೇಲೆ, ಬೇಕಾದರೆ ಕನ್ನಡದಲ್ಲೇ, ವಿವರಿಸಿದವರಿಗೆ ಅದರಲ್ಲಿ ಎರಡು ಅಂಕ ಕೊಡಲು ಹೊಸ ಕಟ್ಟಡವೂ ಬೇಡ, ಹೊಸ ಪುಸ್ತಕವೂ ಬೇಡ. ಶಿರೋನಾಮೆಯಿಲ್ಲದ ಇಪ್ಪತ್ತು ಲೆಕ್ಕಗಳನ್ನು ಕಲಸಿ ವಾರಕ್ಕೊಮ್ಮೆ ಕೊಡುವುದಕ್ಕೆ ತಗಲುವ ಖರ್ಚು ಒಂದು ಹಾಳೆಯ ಜೆರಾಕ್ಸಿನದು.