‘ಅಲ್ಲಿಗೆ ಏಟು ಬಿದ್ದಿದೆ’ ಅಂದರೆ ಎಲ್ಲಿಗೆ?

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೋರಿಗೆ ಬೀಜ ಒಡೆಸುವ ಮಾತನ್ನು ಯಾರೂ ಗುಟ್ಟಾಗಿ ಆಡುವುದಿಲ್ಲ. ಸಂತೆಯಲ್ಲಿ, ಹೋಟೆಲ್ ಕಟ್ಟೆಯ ಮೇಲೆ, ಹೆಂಗಸರು ಮಕ್ಕಳ ಎದುರಿಗೇ ಆಡುತ್ತಾರೆ. ಪಶುವೈದ್ಯರು ಇಕ್ಕಳ ಹಿಡಿದು ಬಂದರೆ ಅರ್ಧ ಕೇರಿ ಸುತ್ತ ನಿಂತು ನೋಡುತ್ತದೆ. ಅದೇ ಹೋರಿ ಒದ್ದು ಮಾಲೀಕನ ಬೀಜಕ್ಕೆ ಏಟಾಯಿತು ಅನ್ನಿ, ಊರಿಗೆ ಊರೇ ಮಾತು ಮರೆಯುತ್ತದೆ. ‘ಅಲ್ಲಿಗೆ ಬಿತ್ತಂತೆ’ ಅನ್ನುತ್ತಾರೆ. ಎಲ್ಲಿಗೆ ಅಂತ ಕೇಳಿದವರಿಗೆ ನಗು ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ನಾವು ಬೀಜ ಅಂತಲೇ ಬರೆಯುತ್ತೇವೆ, ವೃಷಣ ಅಂತಲೂ ಬರೆಯುತ್ತೇವೆ. (ಶೇಂಗಾ ಸೀಮೆಯವರು ಬಿತ್ತನೆ ಬೀಜ ಅಂದುಕೊಳ್ಳಬಾರದು, ಅಷ್ಟೆ.)

ಇಷ್ಟು ಮುಚ್ಚುಮರೆಯಿಲ್ಲದೆ ಬರೆಯಲು ಕಾರಣ ಇದೆ. ಬೀಜಕ್ಕೆ ಬಿದ್ದ ಪೆಟ್ಟು ಗಡಿಯಾರ ನೋಡಿ ಚಿಕಿತ್ಸೆ ಮಾಡಬೇಕಾದ ಪೆಟ್ಟು. ಆ ಹೊತ್ತನ್ನು ನಮ್ಮಲ್ಲಿ ಮೊದಲು ನಾಚಿಕೆ ತಿನ್ನುತ್ತದೆ. ಉಳಿದದ್ದನ್ನು ತಾಲ್ಲೂಕಿಂದ ಜಿಲ್ಲೆಗೆ ಚೀಟಿ ಬರೆದು ಕಳಿಸುವ ವ್ಯವಸ್ಥೆ ತಿನ್ನುತ್ತದೆ.

ಏಟು ಎಲ್ಲಿಂದ ಬರುತ್ತದೆ ನೋಡಿ. ಕಟ್ಟಿದ ಎತ್ತು ಹಿಂಗಾಲು ಬೀಸುತ್ತದೆ. ಹಟ್ಟಿಯಲ್ಲಿ ಟಗರು ಗುದ್ದುತ್ತದೆ. ಟಗರಿನ ತಲೆ ಬರುವ ಎತ್ತರವೂ ಗಂಡಸಿನ ತೊಡೆಸಂದಿಯ ಎತ್ತರವೂ ಹೆಚ್ಚುಕಮ್ಮಿ ಒಂದೇ. ದೇವರ ಎತ್ತುಗಳ ಮುಂದೆ ಓಡುವಾಗ, ದನದ ಜಾತ್ರೆಯ ನೂಕಾಟದಲ್ಲಿ ಕೊಂಬು ತಗುಲಿದರೆ ಚೀಲದ ಚರ್ಮವೇ ಸೀಳುತ್ತದೆ. ಕೊಂಬಿನ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಹೊಟ್ಟೆಯ ತನಕ ಹೋಗಿರಬಹುದು. ಮಣ್ಣು, ಸಗಣಿ ಒಳಗೆ ಸೇರಿರುತ್ತದೆ, ಧನುರ್ವಾಯು ಇಂಜೆಕ್ಷನ್ ಬೇಕೇ ಬೇಕು. ಇನ್ನು ಬೈಕು. ಎದುರಿಗೆ ಏನೋ ಅಡ್ಡ ಬಂದು ಗಾಡಿ ಗಕ್ಕನೆ ನಿಂತರೆ ಸವಾರ ಮುಂದಕ್ಕೆ ಜಾರುತ್ತಾನೆ, ಪೆಟ್ರೋಲ್ ಟ್ಯಾಂಕು ಮತ್ತು ಸೊಂಟದ ಮೂಳೆ ಎರಡರ ನಡುವೆ ಬೀಜ ಜಜ್ಜಿಹೋಗುತ್ತದೆ. ಟೆನಿಸ್ ಬಾಲ್ ಬಿಟ್ಟು ಕಾರ್ಕ್ ಬಾಲ್ ಹಿಡಿದ ಹುಡುಗರು ಪ್ಯಾಡು ಕಟ್ಟುತ್ತಾರೆ, ಗಾರ್ಡ್ ಹಾಕುವುದಿಲ್ಲ. ಕಬಡ್ಡಿಯಲ್ಲಿ ಮಂಡಿ ತಗಲುತ್ತದೆ. ಹೊಲದ ಬದು ಜಗಳದಲ್ಲಿ ಬೇಕಂತಲೇ ಅಲ್ಲಿಗೇ ಒದೆಯುತ್ತಾರೆ.

ಎಲ್ಲಕ್ಕಿಂತ ಭೀಕರವಾದದ್ದು ಶೇಂಗಾ ಒಕ್ಕುವ ಮಿಷನ್ನಿನದು. ಟ್ರ್ಯಾಕ್ಟರಿನಿಂದ ಮಿಷನ್ನಿಗೆ ತಿರುಗುವ ಶಾಫ್ಟಿಗೆ ಮುಚ್ಚಳ ಇರಬೇಕು. ಕಿತ್ತುಹೋದ ಮುಚ್ಚಳವನ್ನು ಮತ್ತೆ ಹಾಕಿಸುವವರು ಕಮ್ಮಿ. ಪಂಚೆಯ ತುದಿಯೋ ಲುಂಗಿಯೋ ಅದಕ್ಕೆ ಸುತ್ತಿಕೊಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಟ್ಟೆಯ ಜೊತೆ ಚೀಲದ ಚರ್ಮವನ್ನೂ ಎಳೆದುಕೊಂಡುಬಿಡುತ್ತದೆ. ಇಂಥವರಿಗೂ ಬದುಕು ಮುಗಿಯಲಿಲ್ಲ. ಬೀಜ ಉಳಿದಿದ್ದರೆ ಒದ್ದೆ ಮಾಡಿದ ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಒಯ್ಯಬೇಕು. ಅದನ್ನು ಸ್ವಲ್ಪ ದಿನ ತೊಡೆಯ ಚರ್ಮದ ಕೆಳಗೆ ಕಾಪಾಡಿ, ಆಮೇಲೆ ಬೇರೆ ಕಡೆಯ ಚರ್ಮ ಹಾಕಿ ಸರಿಪಡಿಸುವ ಶಸ್ತ್ರಚಿಕಿತ್ಸೆ ಇದೆ.

ಒಳಗೆ ಆಗುವುದೇನು? ಬೀಜದ ಸುತ್ತ ಗಟ್ಟಿಯಾದ ಬಿಳಿ ಪೊರೆ ಇದೆ. ಸಣ್ಣಪುಟ್ಟ ಏಟನ್ನು ಅದು ತಡೆದುಕೊಳ್ಳುತ್ತದೆ. ಜೀವ ಹೋದಂತೆ ಆಗುತ್ತದೆ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಅದಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸು, ಬಿಗಿಯಾದ ಚಡ್ಡಿ ಅಥವಾ ಲಂಗೋಟಿ, ನೋವಿನ ಮಾತ್ರೆ, ನಾಲ್ಕು ದಿನ ವಿಶ್ರಾಂತಿ ಸಾಕು. ಪೊರೆ ಒಡೆದರೆ ಕಥೆ ಬೇರೆ. ಚೀಲದಲ್ಲಿ ರಕ್ತ ತುಂಬುತ್ತದೆ, ಮೈಬಣ್ಣ ನೀಲಿಗಟ್ಟುತ್ತದೆ. ಮೂರು ದಿನದೊಳಗೆ ಆಪರೇಷನ್ ಮಾಡಿ ರಕ್ತ ತೆಗೆದು ಪೊರೆ ಹೊಲಿದರೆ ಹೆಚ್ಚಿನವರ ಬೀಜ ಉಳಿಯುತ್ತದೆ. ‘ತಾನೇ ಇಳಿಯುತ್ತೆ’ ಅಂತ ಕಾದವರಲ್ಲಿ ಬಹಳ ಜನಕ್ಕೆ ಅದನ್ನು ತೆಗೆದುಹಾಕುವುದೇ ಗತಿ.

ಇನ್ನೊಂದು ಮೋಸ ಇದೆ. ಕೆಲವೊಮ್ಮೆ ಏಟು ಬಿದ್ದಾಗ, ಎಷ್ಟೋ ಸಲ ಏಟೇ ಇಲ್ಲದೆ ಮಲಗಿದ್ದಾಗಲೂ, ಬೀಜ ತನ್ನ ನಾಳದ ಮೇಲೆ ತಿರುಚಿಕೊಳ್ಳುತ್ತದೆ. ರಕ್ತ ಹರಿಯುವುದು ನಿಲ್ಲುತ್ತದೆ. ಹದಿಹರೆಯದ ಹುಡುಗರಲ್ಲಿ ಹೆಚ್ಚು, ದೊಡ್ಡವರಲ್ಲೂ ಆಗುತ್ತದೆ. 6 ಗಂಟೆಯೊಳಗೆ ಬಿಡಿಸಿದರೆ ನೂರರಲ್ಲಿ 90ಕ್ಕೂ ಹೆಚ್ಚು ಬೀಜ ಉಳಿಯುತ್ತವೆ. 24 ಗಂಟೆ ದಾಟಿದರೆ ಹತ್ತೂ ಉಳಿಯುವುದಿಲ್ಲ. ‘ಎತ್ತು ಒದ್ದಿತ್ತು, ಅದಕ್ಕೇ ನೋವು’ ಅಂದುಕೊಂಡು ರಾತ್ರಿ ಕಳೆಯುವವನು ಈ ಲೆಕ್ಕದಲ್ಲಿ ಸೋಲುತ್ತಾನೆ. ಒಂದು ಗಂಟೆ ಕಳೆದರೂ ನೋವು ಇಳಿಯದಿದ್ದರೆ, ವಾಂತಿ ಬಂದರೆ, ಊದಿದರೆ, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರವೇ ಬಾರದಿದ್ದರೆ ಹೊರಡಬೇಕು. ದಾರಿಯಲ್ಲಿ ಏನೂ ತಿನ್ನಿಸಬೇಡಿ, ಆಪರೇಷನ್ ಬೇಕಾಗಬಹುದು.

ನಡೆಯುವುದು ಬೇರೆಯೇ. ಬೂದಿ ಬಿಸಿ ಮಾಡಿ ಶಾಖ ಕೊಡುತ್ತಾರೆ. ಹೊಸ ಪೆಟ್ಟಿಗೆ ಶಾಖ ಕೊಟ್ಟರೆ ಊತ ಹೆಚ್ಚುತ್ತದೆ. ಹುಣಸೆಹಣ್ಣು, ಉಪ್ಪು ಅರೆದು ಪಟ್ಟು ಹಾಕುತ್ತಾರೆ. ಆಮೇಲೆ ಊರಿನ ಆರ್‌ಎಂಪಿ ಹತ್ತಿರ ನೋವಿನ ಇಂಜೆಕ್ಷನ್. ನೋವು ಅಡಗುತ್ತದೆ, ಬೀಜ ಸಾಯುವುದು ನಿಲ್ಲುವುದಿಲ್ಲ. ಕೊನೆಗೆ 108ಕ್ಕೆ ಫೋನ್ ಮಾಡಿದರೂ, ಆಸ್ಪತ್ರೆಯ ಸಿಸ್ಟರ್ ಕೇಳಿದರೂ ಬಾಯಿಂದ ಬರುವುದು ‘ಹೊಟ್ಟೆನೋವು’. ಹೊಟ್ಟೆನೋವಿನ ಸಾಲಿನಲ್ಲಿ ಕೂತವನಿಗೆ ಗ್ಯಾಸಿನ ಮಾತ್ರೆ ಕೊಟ್ಟರೆ ಯಾರನ್ನು ಬೈಯುವುದು?

ಈ ಸುಳ್ಳಿನ ಹಿಂದೆ ಒಂದು ಭಯ ಇದೆ. ‘ಗೊತ್ತಾದರೆ ಹೆಣ್ಣು ಕೊಡಲ್ಲ.’ ಮದುವೆಯಾದವನಿಗೆ ‘ಇನ್ನು ಇವನು ಗಂಡಸೇ ಅಲ್ಲ’ ಅನ್ನಿಸಿಕೊಳ್ಳುವ ಹೆದರಿಕೆ. ಇನ್ನೊಂದು ಬೀಜ ಆರೋಗ್ಯವಾಗಿದ್ದರೆ ಒಂದೇ ಬೀಜದಿಂದ ಮಕ್ಕಳಾಗುತ್ತವೆ, ಗಡ್ಡ ಮೀಸೆ, ಗಂಡಸುತನ ಎಲ್ಲ ಹಾಗೇ ಇರುತ್ತದೆ. ಗುಟ್ಟು ಕಾಯಲು ಹೋಗಿ ಉಳಿಯುತ್ತಿದ್ದ ಬೀಜವನ್ನೇ ಕಳೆದುಕೊಳ್ಳುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಎದುರಾಳಿಗೆ ಅಲ್ಲಿಗೆ ಒದ್ದರೆ ಚಿತ್ರಮಂದಿರವೆಲ್ಲ ಚಪ್ಪಾಳೆ ಹೊಡೆಯುವ ಸಿನಿಮಾ ಮಾತ್ರ ನೋಡಿರುತ್ತಾರೆ.

ಹೇಳಬೇಕಾದವರು ಯಾರು? ಊರಲ್ಲಿ ಆರೋಗ್ಯದ ಮಾತಿಗೆ ಇರುವವರು ಆಶಾ ಅಕ್ಕ. 2005ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹೆಂಗಸರೇ ಇರಬೇಕು ಅಂತ ನಿಯಮ. ತಾಯಿ ಮಕ್ಕಳ ದೃಷ್ಟಿಯಿಂದ ಅದು ಸರಿಯೇ. ಆದರೆ ಮೂವತ್ತರ ಗಂಡಸು ಸೋದರತ್ತೆಯ ವರಸೆಯ ಆಶಾ ಕಾರ್ಯಕರ್ತೆಗೆ ಬೀಜದ ನೋವು ಹೇಳುತ್ತಾನೆಯೇ? ಇಲಾಖೆಯಲ್ಲಿ ಪುರುಷ ಆರೋಗ್ಯ ಕಾರ್ಯಕರ್ತನ ಹುದ್ದೆಯೂ ಇದೆ. ಆ ಮನುಷ್ಯ ಸೊಳ್ಳೆ ಲಾರ್ವಾ ಹುಡುಕುವುದರ ಜೊತೆಗೆ ಇದನ್ನೂ ಮಾತಾಡಲಿ.

ದೂರದ ಲೆಕ್ಕವೂ ಇದೆ. ಚಳ್ಳಕೆರೆಯಿಂದ ಚಿತ್ರದುರ್ಗ ಸುಮಾರು 30 ಕಿಲೋಮೀಟರ್, ಒಪ್ಪೋಣ. ಮೊಳಕಾಲ್ಮೂರಿನವರಿಗೆ ಸ್ವಂತ ಜಿಲ್ಲಾ ಕೇಂದ್ರ 70ಕ್ಕೂ ಹೆಚ್ಚು. ಬಳ್ಳಾರಿಯೇ ಹತ್ತಿರ, ಅದೂ 50 ದಾಟುತ್ತದೆ. ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿಂದ ಜಿಲ್ಲೆಗೆ ಅಂತ ಎರಡು ಕಡೆ ಇಳಿಸಿ ಹತ್ತಿಸುವಷ್ಟರಲ್ಲಿ ಆ 6 ಗಂಟೆಯಲ್ಲಿ ಉಳಿಯುವುದೆಷ್ಟು? ರಕ್ತದ ಹರಿವು ನೋಡುವ ಸ್ಕ್ಯಾನಿಂಗ್ ಬೇಕು ಅನ್ನುತ್ತಾರೆ. ಹೆಣ್ಣುಭ್ರೂಣ ಹತ್ಯೆ ತಡೆಯಲು ಬಂದ 1994ರ ಕಾಯಿದೆಯ ಪ್ರಕಾರ ನೋಂದಾಯಿತ ಜಾಗದಲ್ಲಿ, ಅರ್ಹತೆ ಇರುವ ವೈದ್ಯರೇ ಸ್ಕ್ಯಾನ್ ಮಾಡಬೇಕು. ಕಾಯಿದೆ ಬೇಕಾದದ್ದೇ. ಹಾಗಿದ್ದ ಮೇಲೆ ರಾತ್ರಿ ಹೊತ್ತಿಗೂ ವೈದ್ಯರನ್ನು ಕೊಡುವುದು ಸರ್ಕಾರದ ಹೊಣೆ. ಜೊತೆಗೆ, ತಿರುಚಿಕೊಂಡಿದೆ ಅಂತ ಬಲವಾದ ಅನುಮಾನ ಇದ್ದರೆ ಸ್ಕ್ಯಾನಿಗೆ ಕಾಯದೆ ಸೀಳಿ ನೋಡಬೇಕು ಅಂತಲೇ ವೈದ್ಯಶಾಸ್ತ್ರ ಹೇಳುತ್ತದೆ. ಹಾಗಾಗಿ ‘ಸ್ಕ್ಯಾನಿಂಗ್ ಬೆಳಿಗ್ಗೆ ಬನ್ನಿ’ ಅನ್ನುವ ಉತ್ತರ ಯಾವ ಆಸ್ಪತ್ರೆಯಲ್ಲಿ ಬಂದರೂ ಅದನ್ನು ಒಪ್ಪಬೇಡಿ. ಸರ್ಜನ್ ಯಾರು, ಈಗ ಎಲ್ಲಿದ್ದಾರೆ ಅಂತ ಕೇಳಿ. ಇಲ್ಲ ಅಂದರೆ ಆ ನಿಮಿಷವೇ ಚೀಟಿ ಬರೆಸಿಕೊಂಡು, ಹೋಗುವ ಆಸ್ಪತ್ರೆಗೆ ಅವರಿಂದಲೇ ಫೋನ್ ಮಾಡಿಸಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಎರಡೂ ತಾಲ್ಲೂಕು ಆಸ್ಪತ್ರೆಗಳ ಬಾಗಿಲಲ್ಲಿ ರಾತ್ರಿ ಸರ್ಜನ್ ಯಾರು, ಸ್ಕ್ಯಾನ್ ಇದೆಯೋ ಇಲ್ಲವೋ ಅಂತ ದಿನಾ ಬರೆದ ಬೋರ್ಡು ಇರಲಿ. ಶಾಫ್ಟಿಗೆ ಮುಚ್ಚಳ ಇಲ್ಲದ ಮಿಷನ್ನನ್ನು ಬಾಡಿಗೆಗೆ ಬಿಡಬಾರದು ಅಂತ ಗ್ರಾಮ ಪಂಚಾಯ್ತಿಗಳು ಸುಗ್ಗಿಗೆ ಮುಂಚೆ ಡಂಗುರ ಸಾರಿಸಲಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಆರೋಗ್ಯ ಇಲಾಖೆ ಒಂದು ಫಲಕ ಹಾಕಲಿ: ‘ಬೀಜಕ್ಕೆ ಏಟು ಬಿದ್ದು ಒಂದು ಗಂಟೆಯಾದರೂ ನೋವು ಇದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ.’ ಬೀಜ ಅನ್ನುವ ಪದವನ್ನು ತೆಗೆದು ‘ಗುಪ್ತಾಂಗ’ ಅಂತ ತಿದ್ದಬೇಡಿ.