ತಂಗುಮನೆ ಯಾರ ಕೈಯಲ್ಲಿರಬೇಕು?

ಜಪಾನಿನ ಕಿಸೊ ಕಣಿವೆಯಲ್ಲಿ ಮಾಗೊಮೆಯಿಂದ ತ್ಸುಮಾಗೊವರೆಗಿನ ಸುಮಾರು 8 ಕಿಲೋಮೀಟರ್ ಕಾಲುದಾರಿ ಚಾರಣಿಗರಿಗೆ ಅಚ್ಚುಮೆಚ್ಚು. ಇಂದಿನ ಟೋಕಿಯೊವನ್ನು ಬೆಟ್ಟಗಳ ಮೂಲಕ ಕ್ಯೋಟೊದೊಡನೆ ಜೋಡಿಸಿದ್ದ, 69 ತಂಗುದಾಣಗಳಿದ್ದ ನಕಾಸೆಂದೊ ಮಾರ್ಗದ ತುಣುಕು ಅದು. ಕರಡಿಗಳನ್ನು ದೂರವಿರಿಸಲು ದಾರಿಯುದ್ದಕ್ಕೂ ಅಲ್ಲಲ್ಲಿ ಗಂಟೆಗಳನ್ನು ಕಟ್ಟಿದ್ದಾರೆ. ಅನೇಕರು ಬಸ್ಸಿನಲ್ಲಿ ಬಂದು, ನಡೆದು, ಸಂಜೆಯೊಳಗೆ ಬಸ್ಸಿನಲ್ಲಿಯೇ ಮರಳುತ್ತಾರೆ. ಉಳಿದವರು ರಾತ್ರಿಗೆ ಮಿನ್‌ಶುಕುವೊಂದನ್ನು ಹುಡುಕಿಕೊಳ್ಳುತ್ತಾರೆ.

ಮಿನ್‌ಶುಕು ಎಂದರೆ ಮನೆಯವರೇ ನಡೆಸುವ ಸಾಧಾರಣ ತಂಗುಮನೆ. ಕೋಣೆಗಳ ನಡುವೆ ಕಾಗದದ ಜಾರುಬಾಗಿಲು. ಪಕ್ಕದವರ ಗೊರಕೆ ಸ್ಪಷ್ಟವಾಗಿ ಕೇಳಿಸುತ್ತದೆ. ಮಲಗುವುದು ತತಾಮಿ ಚಾಪೆಯ ಮೇಲೆ ಹಾಸಿದ ಹಾಸಿಗೆಯಲ್ಲಿ. ಬಚ್ಚಲು ಎಲ್ಲರಿಗೂ ಒಂದೇ. ತೊಟ್ಟಿಯ ಬಿಸಿನೀರಿಗೆ ಇಳಿಯುವ ಮುನ್ನ ಹೊರಗೆ ಮೈ ತೊಳೆದುಕೊಳ್ಳಬೇಕು, ಏಕೆಂದರೆ ಅದೇ ನೀರು ಮುಂದಿನವರಿಗೂ ಬೇಕು. ಊಟದ ವೇಳೆ ಮನೆಯಾಕೆ ಹೇಳಿದ್ದು. ಬಡಿಸುವುದು ಹೊಳೆಮೀನು, ಬೆಟ್ಟದ ಸೊಪ್ಪು. ಇವೆಲ್ಲ ಕೊರತೆಗಳೆಂದು ದೂರುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇವು ಮನೆಯಿನ್ನೂ ಮನೆಯವರ ಕೈಯಲ್ಲಿದೆ ಎಂಬುದರ ಗುರುತುಗಳು. ನಮ್ಮ ಬೆಟ್ಟಗಳಲ್ಲಿ 'ಹೋಂಸ್ಟೇ' ಫಲಕ ಹೊತ್ತ ಕಟ್ಟಡಗಳಲ್ಲಿ ಎಷ್ಟರೊಳಗೆ ಮನೆಯವರಿದ್ದಾರೆಂಬುದನ್ನು ಓದುಗರೇ ಬಲ್ಲರು.

1911ರಲ್ಲಿ ಕಣಿವೆಗೆ ಪೂರ್ಣವಾಗಿ ರೈಲು ಬಂದಾಗ ತ್ಸುಮಾಗೊ ಬದಿಗೆ ಉಳಿಯಿತು; ವ್ಯಾಪಾರ ಬತ್ತಿತು, ಮನೆಗಳು ಶಿಥಿಲವಾದವು. 1968ರಲ್ಲಿ ಜೀರ್ಣೋದ್ಧಾರ ಆರಂಭವಾಯಿತು. 1971ರಲ್ಲಿ ಊರವರು ತಮಗೆ ತಾವೇ ಕಟ್ಟಳೆ ವಿಧಿಸಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಸರ್ಕಾರದ ಸಂರಕ್ಷಣೆಯ ಮುದ್ರೆ ಬಿದ್ದುದು 1976ರಲ್ಲಿ. ಅಂದರೆ ಊರು ಮುಂದೆ ನಡೆಯಿತು, ಸರ್ಕಾರ ಹಿಂಬಾಲಿಸಿತು. ಇಂದಿಗೂ ಹಗಲು ಹೊತ್ತು ಮುಖ್ಯ ಬೀದಿಗೆ ಕಾರುಗಳಿಗೆ ಪ್ರವೇಶವಿಲ್ಲ.

ಆದರೆ ಹಣವನ್ನು ತಡೆದ ಕಟ್ಟಳೆ ಮುಪ್ಪನ್ನು ತಡೆಯಲಾರದು. 2023ರ ಸಮೀಕ್ಷೆಯಂತೆ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ಮಕ್ಕಳು ನಗರ ಸೇರಿದ ಮೇಲೆ ಬೆಟ್ಟದ ತಂಗುಮನೆಯ ಒಲೆ ಹೊತ್ತಿಸುವವರು ಯಾರು? ಕಂಪನಿಗೆ ಒಪ್ಪಿಸಿದರೆ ಕಟ್ಟಡವಾದರೂ ಉಳಿದೀತು ಎಂಬ ವಾದವಿದೆ. ಅದನ್ನು ನಾನು ಒಪ್ಪಲಾರೆ. ಸಡಿಲಿಸುವುದೇ ಆದರೆ 'ಬಾಡಿಗೆಗೆ ಕೊಡಬಾರದು' ಎಂಬ ಮಾತನ್ನು, ಅಲ್ಲಿಯೇ ನೆಲೆಸಿ ಚಳಿಗಾಲವನ್ನೂ ಕಳೆಯಬಲ್ಲ ಹೊಸ ಕುಟುಂಬಕ್ಕಾಗಿ ಮಾತ್ರ ಸಡಿಲಿಸಲಿ. 'ಮಾರಬಾರದು' ಎಂಬುದು ಹಾಗೆಯೇ ಇರಲಿ.

ಚಾರಣಿಗರ ಪಾಲೂ ಇಲ್ಲಿದೆ. ಸಂಜೆಯ ಬಸ್ಸು ಹತ್ತುವವರು ಊರಿಗೆ ಬಿಟ್ಟುಹೋಗುವುದು ಒಂದು ಬಟ್ಟಲು ಚಹಾದ ಬೆಲೆ. ಒಂದು ರಾತ್ರಿ ತಂಗಿದವರ ಹಣ ಆ ಮನೆಯ ಸೂರಿಗೆ ತಲುಪುತ್ತದೆ.